ಬಿಯರ್ ತಯಾರಿಸಲು ಬೆಂಗಳೂರಿನ ಯಾವ ನೀರು ಸೂಕ್ತ?

ನಿಮ್ಮ ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಕಾವೇರಿ ನೀರೂ ಬೋರ್‌ವೆಲ್ ನೀರೂ ಬೆರೆತು, ಸಾಫ್ಟನರ್ (ನೀರಿನ ಗಡಸುತನ ತೆಗೆಯುವ ಯಂತ್ರ) ಮೂಲಕ ನಲ್ಲಿಗೆ ಬರುತ್ತದೆ, ಅದರಲ್ಲಿ ಮನೆಯಲ್ಲೇ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್) ಮಾಡಬಹುದೇ ಎಂದು ಕೇಳಿದ್ದೀರಿ. ನಾನು ನಗರದ ಒಂದು ಮೈಕ್ರೊಬ್ರೂವರಿಯಲ್ಲಿ ಬಿಯರ್ ತಯಾರಿಸುವ ಕೆಲಸದಲ್ಲಿದ್ದೇನೆ. ನನ್ನನ್ನು ಕೇಳಿದರೆ ಆ ನೀರು ಬೇಡವೇ ಬೇಡ. (ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ ಎಂಬುದೂ ನಿಮಗೆ ತಿಳಿದಿರಲಿ.)

ಗಡಸು ನೀರು ಕೆಟ್ಟದ್ದು, ಮೆದು ನೀರು ಒಳ್ಳೆಯದು ಎಂದು ಬಹಳ ಮಂದಿ ನಂಬಿದ್ದಾರೆ. ಬಿಯರಿನ ಮಟ್ಟಿಗೆ ಇದು ಅರ್ಧ ಸತ್ಯ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಬಿಸಿನೀರಿನಲ್ಲಿ ನೆನೆಸಿದಾಗ ಆ ಮಿಶ್ರಣದ ಪಿಎಚ್ (ಆಮ್ಲೀಯತೆಯ ಅಳತೆ) 5.2ರಿಂದ 5.6ರೊಳಗೆ ಇರಬೇಕು. ಕ್ಯಾಲ್ಸಿಯಂ ಅದನ್ನು ಇಳಿಸಲು ನೆರವಾಗುತ್ತದೆ, ಬೈಕಾರ್ಬೊನೇಟ್ ಏರಿಸುತ್ತದೆ. ಪಿಎಚ್ ಏರಿದರೆ ಪಿಷ್ಟ ಸಕ್ಕರೆಯಾಗುವುದು ನಿಧಾನವಾಗುತ್ತದೆ, ಕಾಳಿನ ಸಿಪ್ಪೆಯ ಒಗರು ಬಿಯರಿಗೆ ಇಳಿಯುತ್ತದೆ, ಬಿಯರಿಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿ ಒರಟಾಗುತ್ತದೆ. ಸಾಫ್ಟನರ್ ನಮಗೆ ಬೇಕಾದ ಕ್ಯಾಲ್ಸಿಯಂ ಅನ್ನು ತೆಗೆದು, ಅದರ ಜಾಗಕ್ಕೆ ಸೋಡಿಯಂ ಬಿಟ್ಟು, ಬೇಡವಾದ ಬೈಕಾರ್ಬೊನೇಟನ್ನು ಹಾಗೆಯೇ ಉಳಿಸುತ್ತದೆ. ಸಾಫ್ಟನರ್‌ಗೆ ಹೋಗದ ಬೋರ್‌ವೆಲ್ ನೀರನ್ನು ಕುದಿಸಿ ಆರಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಮೇಲಿನ ತಿಳಿಯನ್ನು ಬಸಿದುಕೊಂಡರೆ ಬೈಕಾರ್ಬೊನೇಟ್ ಸಾಕಷ್ಟು ಕಡಿಮೆಯಾಗಿರುತ್ತದೆ. ಸಾಫ್ಟನರ್ ನೀರಿನಲ್ಲಿ ಜೊತೆಗೂಡಲು ಕ್ಯಾಲ್ಸಿಯಂ ಇಲ್ಲದಿರುವುದರಿಂದ, ಎಷ್ಟು ಕುದಿಸಿದರೂ ಆ ಪುಡಿ ಬರುವುದಿಲ್ಲ. ಟಿಡಿಎಸ್ ಮೀಟರ್ ನೋಡಿ ನಿರ್ಧರಿಸಲೂ ಹೋಗಬೇಡಿ. ಒಟ್ಟು ಲವಣ ಎಷ್ಟಿದೆ ಎಂಬ ಅಂದಾಜು ಅದರಿಂದ ಸಿಗಬಹುದು, ಯಾವ ಲವಣ ಎಂಬುದು ಗೊತ್ತಾಗುವುದಿಲ್ಲ.

ಬೋರ್‌ವೆಲ್ ಬೆರೆಯದ ಕಾವೇರಿ ನೀರು ಸಿಗುವುದಾದರೆ ಅದನ್ನೇ ಬಳಸಿ. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಅದು ಮಾಲ್ಟಿನ ಫೀನಾಲುಗಳೆಂಬ ರಾಸಾಯನಿಕಗಳ ಜೊತೆ ಸೇರಿದರೆ ಬಿಯರಿಗೆ ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ಬರುತ್ತದೆ; ಒಮ್ಮೆ ಬಂದರೆ ಹೋಗುವುದಿಲ್ಲ. ಆದ್ದರಿಂದ ಕಾರ್ಬನ್ ಫಿಲ್ಟರಿನಲ್ಲಿ ನಿಧಾನವಾಗಿ ಸೋಸಿಕೊಳ್ಳಿ.

ನಿಮ್ಮ ಪರಿಸ್ಥಿತಿಯಲ್ಲಿ ಅಡುಗೆಮನೆಯ ಆರ್‌ಒ ನೀರೇ ಸರಿ, ಏಕೆಂದರೆ ಅದು ಬಹುಮಟ್ಟಿಗೆ ಲವಣವಿಲ್ಲದ ಖಾಲಿ ನೀರು, ಬೇಕಾದ್ದನ್ನು ನಾವೇ ಸೇರಿಸಬಹುದು. ಆರ್‌ಒ ಯಂತ್ರದಲ್ಲಿ ಟಿಡಿಎಸ್ ಹೊಂದಿಸುವ ತಿರುಪು ಇದ್ದರೆ ಪೂರ್ತಿ ಮುಚ್ಚಿಡಿ, ಇಲ್ಲದಿದ್ದರೆ ಹಳೆಯ ನೀರೇ ಬೆರೆಯುತ್ತದೆ. 20 ಲೀಟರಿಗೆ ಆಹಾರ ದರ್ಜೆಯ ಜಿಪ್ಸಂ 2 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 2 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ, ಸಲ್ಫೇಟ್ ಮತ್ತು ಕ್ಲೋರೈಡ್ ಕೂಡ ಹೆಚ್ಚುಕಡಿಮೆ ಅಷ್ಟೇ. ಸಲ್ಫೇಟ್ ಹಾಪ್ಸ್‌ನ ಕಹಿಯನ್ನು ಚುರುಕಾಗಿಸುತ್ತದೆ, ಕ್ಲೋರೈಡ್ ಬಾಯಿಗೆ ತುಂಬುವಿಕೆ ಕೊಡುತ್ತದೆ. ಇಂಗ್ಲೆಂಡಿನ ಬರ್ಟನ್ ಪಟ್ಟಣದ ಏಲ್‌ಗಳು ಹೆಸರಾದದ್ದು ಅಲ್ಲಿನ ಜಿಪ್ಸಂ ತುಂಬಿದ ನೀರಿನಿಂದಲೇ. ನಿಮ್ಮ ಪೇಲ್ ಏಲ್‌ಗೆ ಕಹಿ ಇನ್ನಷ್ಟು ಎದ್ದು ಕಾಣಬೇಕೆಂದರೆ ಮುಂದಿನ ಸಲ ಜಿಪ್ಸಂ ಅನ್ನು 4 ಗ್ರಾಂಗೆ ಏರಿಸಿ, ಕ್ಲೋರೈಡನ್ನು ಮುಟ್ಟಬೇಡಿ.