ಕಪ್ಪತಗುಡ್ಡದ ಸಾಲು ಉಳಿಸಿಕೊಳ್ಳಿ

ನಮಸ್ಕಾರ.

ಚಿತ್ರಕಾರ ಕೆ. ವೆಂಕಟಪ್ಪನವರ (1886–1965) ಬಗ್ಗೆ ನೀವು ಮುಂಡರಗಿಯಿಂದ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚು ಹಾಕಲಾರೆ.

‘ಪ್ರಕೃತಿಯ ಆರಾಧಕ’ ಎಂಬ ಮಾತು ಆರು ಕಡೆ ಬಂದಿದೆ. ಆದರೆ ಒಂದು ಚಿತ್ರದ ಮುಂದಾದರೂ ನೀವು ಎರಡು ನಿಮಿಷ ನಿಂತ ಗುರುತಿಲ್ಲ. ವೀಣೆ ಶೇಷಣ್ಣನವರಲ್ಲಿ ಅವರು ವೀಣೆ ಕಲಿತದ್ದು, ಮದುವೆಯಾಗದೆ ಉಳಿದದ್ದು, ಇವಕ್ಕೇ ಎರಡು ಪುಟ ಹೋಗಿದೆ. ಊಟಿಯ ಜಲವರ್ಣಗಳಿಗೆ ಸಿಕ್ಕಿದ್ದು ಮೂರು ಸಾಲು, ಅದರಲ್ಲೂ ‘ಮನಮೋಹಕ’ ಎರಡು ಸಲ.

ಅವರು ಮುಂಬೈಯಲ್ಲಿ ಕಲಿತರೆಂದು ಬರೆದಿದ್ದೀರಿ. ಧಾರವಾಡದ ಚಿತ್ರಕಾರ ಹಾಲಭಾವಿಯವರು ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋದವರು, ಆ ರೂಢಿಯಲ್ಲಿ ಕೈ ಹಾಗೆ ಓಡಿರಬೇಕು. ಮೈಸೂರು ಸಂಸ್ಥಾನದ ಚಿತ್ರಗಾರರ ಮನೆತನದ ವೆಂಕಟಪ್ಪ ಹೋದದ್ದು ಕಲ್ಕತ್ತೆಗೆ, ಚಿತ್ರಕಾರ ಅವನೀಂದ್ರನಾಥ ಠಾಕೂರರ ಬಳಿಗೆ. ಇದು ಬರೀ ಊರಿನ ಹೆಸರಿನ ತಪ್ಪಲ್ಲ. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಹಚ್ಚುವ ವಾಷ್ ಪದ್ಧತಿ ಅಲ್ಲಿನದು. ವಸ್ತು ಹೆಚ್ಚಾಗಿ ಪುರಾಣದ್ದು. ಅಂಥ ಗರಡಿಯಿಂದ ಬಂದವರು ಊಟಿ, ಕೊಡೈಕೆನಾಲ್ ಬೆಟ್ಟಗಳ ಆ ಹೊತ್ತಿನ ಬೆಳಕಿನ ಬೆನ್ನು ಹತ್ತಿದ್ದೇಕೆ? ನಿಮ್ಮ ಲೇಖನ ಕೇಳಬೇಕಾಗಿದ್ದ ಪ್ರಶ್ನೆ ಅದು.

ಪಾರದರ್ಶಕ ಜಲವರ್ಣದಲ್ಲಿ ಬಿಳಿ ಎಂದರೆ ಕಾಗದವೇ. ಮೋಡದ ಅಂಚು ಬೇಕಾದರೆ ಅಷ್ಟು ಜಾಗವನ್ನು ಮುಟ್ಟದೆ ಬಿಡಬೇಕು. ಕುಂಚ ಒದ್ದೆಯಾಗುವ ಮೊದಲೇ ಅದು ತೀರ್ಮಾನವಾಗಿರಬೇಕು. ಒಂದು ಬಣ್ಣದ ಪೆಟ್ಟಿಗೆ ತಂದು ನೀವೇ ಒಂದು ಮೋಡ ಬರೆದು ನೋಡಿ. ನಾನೂ ಬರೆದಿದ್ದೆ, ಪೂರ್ತಿ ರಾಡಿಯಾಯಿತು. ಆಮೇಲೆ ‘ಮನಮೋಹಕ’ ಎನ್ನಲು ಬಾಯಿ ಬರಲಿಲ್ಲ.

ನಾಲ್ಕನೆಯ ಪುಟದಲ್ಲಿ ನಿಮಗೆ ಅರಿವಿಲ್ಲದೆ ಒಂದು ಒಳ್ಳೆಯ ಸಾಲು ನುಸುಳಿದೆ: ‘ಮಳೆ ಹೊಡೆದು ನಿಂತ ಮೇಲೆ ನಮ್ಮ ಕಪ್ಪತಗುಡ್ಡ ಒಂದು ಹೆಜ್ಜೆ ಮುಂದೆ ಬಂದು ನಿಂತಂತೆ ಕಾಣುತ್ತದೆ.’ ಗಾಳಿಯ ಧೂಳು ತೊಳೆದುಹೋದಾಗ ದೂರ ಕುಗ್ಗುತ್ತದೆ. ನಿಸರ್ಗಚಿತ್ರ ಬರೆಯುವವನ ನಿತ್ಯದ ಲೆಕ್ಕ ಅದೇ. ಅಷ್ಟು ನೋಡಿ, ಮುಂದಿನ ಸಾಲಿನಲ್ಲೇ ನೀವು ಆರಾಧಕನ ಕಡೆಗೆ ಓಡಿಬಿಟ್ಟಿದ್ದೀರಿ. ಲೇಖನ ಆ ಗುಡ್ಡದಿಂದಲೇ ಶುರುವಾಗಲಿ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪನವರ ಹೆಸರಿನ ಗ್ಯಾಲರಿ ಇದೆ. ಮೂಲ ಚಿತ್ರ ನೋಡದೆ ಎರಡನೆಯ ಕರಡು ಬರೆಯಬೇಡಿ. ಮೊಬೈಲ್ ಪರದೆಯಲ್ಲಿ ಕಾಗದದ ಬಿಳಿ ಕಾಣುವುದಿಲ್ಲ. ದೀಪಾವಳಿ ಸಂಚಿಕೆಗೆ ಇನ್ನೂ ಸಮಯವಿದೆ. ವೀಣೆಗೆ ಒಂದು ಪ್ಯಾರಾ ಸಾಕು.