ವೈಪರ್ ಗಾಜಿನ ನಡುವೆ ನಿಂತಿದೆ, ಕಾರು ಸ್ಟಾರ್ಟ್ ಆಗ್ತಿಲ್ಲ: ಪ್ರತಿಕ್ರಿಯೆ
ವೈಪರ್ ನಡುವೆಯೇ ನಿಂತಿದೆ, ಕಾರೂ ಸ್ಟಾರ್ಟ್ ಆಗ್ತಿಲ್ಲ, ಏನಾಗಿದೆ ಅಂತ ಕೇಳಿದ್ದೀರಿ. ವೈಪರ್ ಮೋಟರ್ ಕೆಟ್ಟಿರೋದಲ್ಲ, ಬ್ಯಾಟರಿ ಡೌನ್ ಆಗಿರೋ ಸಾಧ್ಯತೆಯೇ ಹೆಚ್ಚು. ಕೀ ತಿರುಗಿಸಿದಾಗ ಬರೀ ಟಿಕ್ ಟಿಕ್ ಅನ್ನುತ್ತೆ ಅಂದಿರಲ್ಲ, ಅದೇ ಗುರುತು. ವೈಪರ್ ಕೆಳಗಿಳಿದು ಮಲಗೋಕೂ ಕರೆಂಟ್ ಬೇಕು. ಸಿಗದೆ ನಡುವೆಯೇ ನಿಂತಿದೆ. ಕೈಯಲ್ಲಿ ಎಳೆದು ಕೂರಿಸಬೇಡಿ, ತೋಳಿನ ಬುಡದ ಹಲ್ಲು ಸವೆದುಹೋಗಬಹುದು.

ಮೊದಲು ವೈಪರ್, ಲೈಟು, ಎಸಿ ಎಲ್ಲ ಆಫ್ ಮಾಡಿ. ಬ್ಯಾಟರಿಯ ಟರ್ಮಿನಲ್ (ವೈರು ಕಚ್ಚಿಸೋ ಪ್ಲಸ್, ಮೈನಸ್ ತುದಿ) ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಮೈನಸ್ ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ಉಜ್ಜಿ, ಒರೆಸಿ ಬಿಗಿ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತೆ.

ಆಗದಿದ್ದರೆ ಇನ್ನೊಂದು 12 ವೋಲ್ಟ್ ಕಾರಿನಿಂದ ಜಂಪ್ ಕೊಡಿ, ಅಂದ್ರೆ ಅದರ ಬ್ಯಾಟರಿಯಿಂದ ವೈರು ಎಳೆದು ಸ್ಟಾರ್ಟ್ ಮಾಡಿ. ಕೆಂಪು ವೈರು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಇನ್ನೊಂದು ಕಾರಿನವರ ಪ್ಲಸ್‌ಗೆ. ಕಪ್ಪು ಅವರ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿ ಹತ್ತಿರ ಬೇಡ, ಅಲ್ಲಿ ಗ್ಯಾಸ್ ಇರುತ್ತೆ, ಕಿಡಿ ಹಾರಿದರೆ ಅಪಾಯ. ಅವರ ಇಂಜಿನ್ ಐದು ನಿಮಿಷ ಓಡಲಿ, ಆಮೇಲೆ ನಿಮ್ಮದು ಸ್ಟಾರ್ಟ್ ಮಾಡಿ. ಬಿಚ್ಚುವಾಗ ಇದೇ ಕ್ರಮ ಉಲ್ಟಾ.

ಸ್ಟಾರ್ಟ್ ಆದಮೇಲೆ ಮನೆ ಮುಂದೆ ನಿಲ್ಲಿಸಿ ಗುರ್ ಅನ್ನಿಸೋದು ದಂಡ. ಬ್ಯಾಟರಿ ಚಾರ್ಜ್ ಆಗೋಕೆ ಮಂಡ್ಯದಿಂದ ಮೈಸೂರಿಗೆ ಹೋಗಿಬರುವಷ್ಟು ದೂರ ಓಡಿಸಿ. ಇಂಜಿನ್ ಓಡುವಾಗ ಬ್ಯಾಟರಿಗೆ ಮಲ್ಟಿಮೀಟರ್ (ವೋಲ್ಟ್ ಅಳೆಯೋ ಮೀಟರ್) ಹಿಡಿದರೆ 13.8ರಿಂದ 14.4 ವೋಲ್ಟ್ ಬರಬೇಕು. 13ಕ್ಕಿಂತ ಕಡಿಮೆ ಇದ್ದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋ ಭಾಗ) ಅಥವಾ ಅದರ ಬೆಲ್ಟ್ ನೋಡಿಸಿ. ಚಾರ್ಜ್ ಸರಿಯಿದ್ದೂ ಮಾರನೇ ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ವೋಲ್ಟ್ 12.2ಕ್ಕಿಂತ ಕೆಳಗೆ ಇಳಿದಿದ್ದರೆ ಬ್ಯಾಟರಿ ಮುಗಿದಿರಬಹುದು, ಇಲ್ಲವೇ ಎಲ್ಲೋ ಕರೆಂಟ್ ಸೋರುತ್ತಿದೆ. ಲೋಡ್ ಟೆಸ್ಟ್ (ಭಾರ ಹಾಕಿ ಬ್ಯಾಟರಿ ಪರೀಕ್ಷೆ) ಮಾಡಿಸದೆ ಹೊಸದಕ್ಕೆ ದುಡ್ಡು ಹಾಕಬೇಡಿ.

ಬ್ಯಾಟರಿ ಸರಿಹೋದರೂ ವೈಪರ್ ಅಲ್ಲಾಡದಿದ್ದರೆ ಆಗ ಫ್ಯೂಸ್ ನೋಡಿ. ಮೋಟರ್ ಸದ್ದು ಬಂದೂ ತೋಳು ತಿರುಗದಿದ್ದರೆ ಬುಡದ ನಟ್ಟು ಸಡಿಲ ಆಗಿರಬಹುದು.