ಜ್ವರ ಇಳೀತು ಅಂತ ಸುಮ್ನಿದ್ವಿ

ಪ್ರಶ್ನೆ: ಡಾಕ್ಟ್ರೇ, ಶಹಾಪುರ ಕಡಿ ಹಳ್ಳ್ಯಾಗ ನಮ್ಮ ನಾದಿನಿ ಮಗ, 9 ವರ್ಷ, ಟೈಫಾಯ್ಡ್ ಅಂತ ಕ್ಲಿನಿಕ್‌ನಾಗ ಇಂಜೆಕ್ಷನ್ ಮಾಡಿಸಿದ್ರು, ಜ್ವರ ಇಳಿದಕೂಡ್ಲೆ ಬಿಡಿಸಿಬಿಟ್ರು, ಮತ್ತ ಬಂತು. ಮೂರನೇ ವಾರ ಹೊಟ್ಟಿ ಬ್ಯಾನಿ ಅಂತ ಒದ್ದಾಡಿದ, ಮೈ ಮಾತ್ರ ತಣ್ಣಗಿತ್ತು, ಕಲಬುರಗಿಗೆ ಒಯ್ದ್ರ ಕರುಳಿಗೆ ತೂತು ಬಿದ್ದದ ಅಂತ ಆಪರೇಷನ್ ಮಾಡಿದ್ರು. ಈಗ ಆರಾಮ ಆಗಿ ನಮ್ಮನ್ಯಾಗೇ ಅದಾನ. ನಮ್ಮ ಅತ್ತಿ ರೊಟ್ಟಿ ತಿನಿಸಿದ್ದಕ್ಕೇ ಹಿಂಗಾತು ಅಂತ ಎಲ್ಲಾರೂ ಅವರಿಗೇ ಬೈತಾರ, ಖರೇನಾ? ನನ್ನ ಸಣ್ಣ ಮಗಳಿಗೆ ಏನು ಮಾಡ್ಲಿ?
— ಓದುಗರು, ಯಾದಗಿರಿ

ಉತ್ತರ: ಮೊದಲು ಅತ್ತಿಯವರಿಗೆ ಬೈಯೋದು ಬಿಡ್ರಿ ತಂಗಿ, ರೊಟ್ಟಿಯಿಂದ ಕರುಳು ತೂತಾಗಂಗಿಲ್ಲ. ಕೆಟ್ಟ ನೀರು ಊಟದಿಂದ ಹೋದ, ಟೈಫಾಯ್ಡ್ ತರೋ ಸಾಲ್ಮೊನೆಲ್ಲಾ ಟೈಫಿ ಬ್ಯಾಕ್ಟೀರಿಯಾ ಸಣ್ಣ ಕರುಳಿನ ಕೊನಿಗೆ ರೋಗ ತಡಿಯೋ ಸಣ್ಣ ಗಂಟುಗಳು ಇರ್ತಾವ, ಪೇಯರ್ಸ್ ಪ್ಯಾಚ್ ಅಂತಾರ, ಅಲ್ಲಿ ಬೀಡು ಬಿಡ್ತದ, ಆ ಜಾಗ ಬಾತು ಹುಣ್ಣಾಗಿ ಎರಡು ಮೂರನೇ ವಾರದಷ್ಟೊತ್ತಿಗೆ ಕೆಲವರಿಗೆ ರಕ್ತ ಹೋಗ್ತದ, ಕೆಲವರಿಗೆ ತೂತೇ ಬೀಳ್ತದ. ಎಲ್ಲಾ ಮಕ್ಕಳಿಗೂ ಆಗಲ್ಲ, ಸರಿಯಾದ ಔಷಧ ತಡ ಆದಷ್ಟು ಅಪಾಯ ಜಾಸ್ತಿ.

ಮೈ ತಣ್ಣಗಿತ್ತು ಅಂದ್ರಲ್ಲ, ನನಗ ಅಂಜಿಕಿ ಅದಕ್ಕೇ. ತೂತು ಬಿದ್ದು ಸೋಂಕು ಹೊಟ್ಟಿ ತುಂಬ ಹರಡಿದ್ರ ಬಿಪಿ ಬಿದ್ದು ಕೈಕಾಲು ತಣ್ಣಗಾಗ್ತಾವ, ನಾಡಿ ಓಡ್ತದ, ಮನ್ಯಾಗ ಮಂದಿ ಜ್ವರ ಹೋಯ್ತು ಅಂತ ಖುಷಿ ಪಡ್ತಾರ! ಥರ್ಮಾಮೀಟರ್ ಒಂದೇ ನೋಡಬ್ಯಾಡ್ರಿ, ಹೊಟ್ಟಿ ಮುಟ್ಟಿ ನೋಡ್ರಿ. ಹಲಗಿಯಂಗ ಬಿಗಿದಿದ್ರ, ಉಬ್ಬಿದ್ರ, ಮುಟ್ಟಿದ್ರ ಚೀರಿದ್ರ, ವಾಂತಿ ನಿಲ್ಲದಿದ್ರ, ಸಂಡಾಸ ಕಪ್ಪಗೋ ರಕ್ತಾನೋ ಬಂದ್ರ ಸರ್ಜನ್ ಇರೋ ಆಸ್ಪತ್ರಿಗೆ ರಾತ್ರಿ ಆಗಿದ್ರೂ ಹೋಗ್ರಿ. ಕೂಸು ಬಡಬಡಿಸಿದ್ರ, ಎಬ್ಬಿಸಿದ್ರೂ ಏಳದಿದ್ರ ಅದು ಮೆದುಳಿಗೆ ತಟ್ಟಿದ ಲಕ್ಷಣ, ಗಾಳಿ ಹಿಡದದ ಅಂತ ತಾಯ್ತ ಕಟ್ಟಿಸ್ತಾ ಕೂಡಬ್ಯಾಡ್ರಿ.

ಇನ್ನೊಂದು, ಸರಿಯಾದ ಆಂಟಿಬಯಾಟಿಕ್ ಕೊಟ್ರೂ ಜ್ವರ ಇಳಿಯಾಕ 4–6 ದಿನ ಬೇಕು, ಎರಡ ದಿನಕ್ಕ ಡಾಕ್ಟ್ರನ್ನ ಬದಲಿ ಮಾಡಬ್ಯಾಡ್ರಿ, ಇಳೀತು ಅಂತ ಅರ್ಧಕ್ಕ ಬಿಡಲೂಬ್ಯಾಡ್ರಿ. ಟೈಫಾಯ್ಡ್‌ಗೆ ಮಾಡೋ ವಿಡಾಲ್ ಅನ್ನೋ ರಕ್ತ ಟೆಸ್ಟ್ ಒಂದನ್ನೇ ನಂಬಂಗಿಲ್ಲ, ಔಷಧ ಶುರು ಮಾಡೋಕ್ಕಿಂತ ಮುಂಚೆ ಬ್ಲಡ್ ಕಲ್ಚರ್ (ರಕ್ತದಾಗಿನ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಟೆಸ್ಟ್) ಕೇಳ್ರಿ.

ಮಗಳಿಗೆ 6 ತಿಂಗಳು ತುಂಬಿದ್ರ ಟೈಫಾಯ್ಡ್ ಕಾಂಜುಗೇಟ್ ಲಸಿಕಿ ಒಂದು ಡೋಸ್ ಹಾಕಿಸ್ರಿ, ಆದ್ರೂ ನೀರು ಕುದಿಸೋದು ತಪ್ಪಂಗಿಲ್ಲ. ಆ ಹುಡುಗನ ಸಂಡಾಸದಾಗ ಇನ್ನೂ ಕೆಲವು ವಾರ ಬ್ಯಾಕ್ಟೀರಿಯಾ ಹೋಗ್ತಿರಬಹುದು, ಹೋಗಿ ಬಂದಮ್ಯಾಲ ಸಾಬೂನು ಹಚ್ಚಿ ಕೈ ತೊಳಿಲಿ, ಸದ್ಯಕ್ಕ ಇಬ್ರೂ ಒಂದೇ ತಾಟಿನ್ಯಾಗ ಉಣ್ಣೋದು ಬ್ಯಾಡ.